ಹಳೆಯ ಅಲಾಯ್ ಚಕ್ರ: ಮುಖ ಬಿಟ್ಟು ಬೆನ್ನು ನೋಡಿ

ಸಂತೆಕಟ್ಟೆಯಲ್ಲಿರುವ ನನ್ನ ಅಕ್ಕನ ಮಗ ಹೋದ ವರ್ಷ ತನ್ನ ಹಳೆಯ ಫಿಯೆಟ್ ಪುಂಟೊ ಕಾರಿಗೆ ಯಾರಿಂದಲೋ ನಾಲ್ಕು ಅಲಾಯ್ ಚಕ್ರಗಳನ್ನು ಕೊಂಡು ತಂದ. ತೂತು ನಾಲ್ಕು, ಗಾತ್ರ 15 ಇಂಚು. ಎರಡೂ ಹೊಂದುತ್ತವೆ ಎಂಬಷ್ಟೇ ಅವನ ಲೆಕ್ಕ. ಜೋಡಿಸುವಾಗ ಮೊದಲ ಬೋಲ್ಟ್ ಸಲೀಸಾಗಿ ಕೂತಿತು, ಉಳಿದವು ಓರೆಯಾಗಿ ಇಳಿದವು. ಗ್ಯಾರೇಜಿನ ಹುಡುಗ ಗಾಳಿಯ ಗನ್ ಹಿಡಿದು ಅವನ್ನೂ ಬಿಗಿದ. ಸಂಜೆ ಫೋನ್ ಬಂತು: "ಮಾವ, 60 ದಾಟಿದರೆ ಸ್ಟೇರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಸಲೇ?" ಕಾರನ್ನು ಇದ್ದಲ್ಲೇ ನಿಲ್ಲಿಸು ಎಂದೆ. ಪುಂಟೊಗೆ ಬೇಕಾದದ್ದು 4×98, ಅಂದರೆ 98 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ತೂತು; ಅವನು ತಂದದ್ದು 4×100. ಎರಡೇ ಮಿಲಿಮೀಟರ್. ಆ ಎರಡು ಮಿಲಿಮೀಟರಿಗಾಗಿ ಬೋಲ್ಟುಗಳು ಹೆದ್ದಾರಿಯಲ್ಲಿ ತುಂಡಾಗಬಹುದಿತ್ತು.

ಮಂಗಳೂರು, ಮಣಿಪಾಲ, ಉಡುಪಿಯಲ್ಲಿ ಕೈಯಿಂದ ಕೈಗೆ ಸಾಗುವ ಚಕ್ರಗಳಿಗೆ ಕೊರತೆಯಿಲ್ಲ. ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿ, ಕಾರು ಬದಲಿಸಿದವರು, ದೊಡ್ಡ ಗಾತ್ರಕ್ಕೆ ಹೋದವರು ಎಲ್ಲರೂ ಮಾರುತ್ತಾರೆ. ಒಳ್ಳೆಯ ಮಾಲು ಸಿಗುತ್ತದೆ, ಆದರೆ ನೋಡುವ ಬಗೆ ಗೊತ್ತಿರಬೇಕು.

ಮೊದಲ ಹೆಜ್ಜೆ: ನಿಮ್ಮ ಕಾರಿನ ಸಂಖ್ಯೆಗಳು

ಚಕ್ರ ಹುಡುಕುವ ಮೊದಲು ನಿಮ್ಮ ಕಾರಿನ ಐದು ವಿವರಗಳನ್ನು ಕಾಗದದಲ್ಲಿ ಬರೆದುಕೊಳ್ಳಿ: ರಿಮ್ಮಿನ ವ್ಯಾಸ ಮತ್ತು ಅಗಲ, ಪಿಸಿಡಿ, ನಡುವಿನ ತೂತಿನ ಅಳತೆ, ಆಫ್‌ಸೆಟ್, ನಟ್ಟು ಅಥವಾ ಬೋಲ್ಟಿನ ಬಗೆ.

ಪಿಸಿಡಿ ಎಂದರೆ ಬೋಲ್ಟಿನ ತೂತುಗಳ ನಡುಬಿಂದುಗಳನ್ನು ಸೇರಿಸಿ ಎಳೆದ ವೃತ್ತದ ವ್ಯಾಸ. ಇದನ್ನು ಟೇಪಿನಲ್ಲಿ ಅಳೆಯಬೇಡಿ. 98 ಮತ್ತು 100ರ ವ್ಯತ್ಯಾಸ ಟೇಪಿಗೆ ಸಿಗುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಬೇಕು. ನಾಲ್ಕು ತೂತಿನ ಚಕ್ರದಲ್ಲಿ ಒಂದು ತೂತಿನ ಎಡ ಅಂಚಿನಿಂದ ಎದುರಿನ ತೂತಿನ ಎಡ ಅಂಚಿಗೆ ಅಳೆದರೆ ಪಿಸಿಡಿಯೇ ಬರುತ್ತದೆ. ಐದು ತೂತಿನದರಲ್ಲಿ ಎದುರುಬದುರು ತೂತು ಇರುವುದಿಲ್ಲ, ಎಡವುವುದೂ ಅಲ್ಲಿಯೇ. ಪಕ್ಕಪಕ್ಕದ ಎರಡು ತೂತುಗಳನ್ನು ಅದೇ ರೀತಿ ಅಂಚಿನಿಂದ ಅಂಚಿಗೆ ಅಳೆಯಿರಿ. 58.8 ಮಿ.ಮೀ. ಬಂದರೆ ಪಿಸಿಡಿ 100, 63.5 ಬಂದರೆ 108, 65.8 ಬಂದರೆ 112, 67.2 ಬಂದರೆ 114.3.

ಸ್ವಿಫ್ಟ್, ಐ20, ಹೋಂಡಾ ಸಿಟಿ ಈ ಮೂರೂ 4×100. ಹಾಗಾದರೆ ಅದಲುಬದಲು ಮಾಡಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಸ್ವಿಫ್ಟ್ ಮತ್ತು ಐ20ಯ ಹಬ್ಬಿನ (ಚಕ್ರದ ನಡುವಿನ ತೂತು ಕೂರುವ ಕಾರಿನ ಉಬ್ಬು) ವ್ಯಾಸ 54.1 ಮಿ.ಮೀ., ಸಿಟಿಯದು 56.1. ಸ್ವಿಫ್ಟಿನ ಕಂಪನಿ ಚಕ್ರ ಸಿಟಿಯ ಹಬ್ಬಿನ ಮೇಲೆ ಕೂರುವುದೇ ಇಲ್ಲ. ಸಿಟಿಯ ಚಕ್ರ ಸ್ವಿಫ್ಟಿಗೆ ಕೂರುತ್ತದೆ, ಆದರೆ ನಡುವೆ ಸಡಿಲ ಉಳಿಯುತ್ತದೆ. ಆ ಸಡಿಲ ತುಂಬಲು ಸರಿಯಾದ ಅಳತೆಯ ಬಳೆ, ಅಂದರೆ ಹಬ್ ರಿಂಗ್, ಹಾಕಲೇಬೇಕು. ನಟ್ಟಿನ ಮಾತು ಬೇರೆ: ಮಾರುತಿಯ ಮರೆ (ಥ್ರೆಡ್) 12×1.25, ಅಂದರೆ 12 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ.; ಹ್ಯುಂಡೈ ಮತ್ತು ಹೋಂಡಾದ್ದು 12×1.5. ಹೋಂಡಾ ಕಂಪನಿಯ ಚಕ್ರಕ್ಕೆ ಗುಂಡು ತಳದ ನಟ್ಟು, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಕೋನ್ ಆಕಾರದ್ದು. ಗುಂಡಾದ ಗುಳಿಯೊಳಗೆ ಕೋನ್ ನಟ್ಟು ಬಿಗಿದರೆ ಕಣ್ಣಿಗೆ ಬಿಗಿಯಾದಂತೆ ಕಂಡರೂ ತೆಳ್ಳನೆಯ ಒಂದು ಗೆರೆಯಷ್ಟೇ ಹಿಡಿದಿರುತ್ತದೆ. ಪೋಲೊದಂಥ ಕಾರುಗಳಲ್ಲಿ ನಟ್ಟು ಕೂರುವ ಸ್ಟಡ್ಡೇ (ಹಬ್ಬಿನಿಂದ ಚಾಚಿದ ಸರಳು) ಇರುವುದಿಲ್ಲ, ನೇರ ಹಬ್ಬಿಗೆ ಇಳಿಯುವ ಬೋಲ್ಟ್ ಇರುತ್ತದೆ. ಆದ್ದರಿಂದ ಮಾರುವವರ ಬಳಿ ಚಕ್ರದ ಜೊತೆಗೆ ಅದರ ನಟ್ಟುಗಳನ್ನೂ ಕೇಳಿ ಪಡೆಯಿರಿ, ಆದರೆ ಮರೆ ನಿಮ್ಮ ಕಾರಿನದೇ ಆಗಿದ್ದರೆ ಮಾತ್ರ ಬಳಸಿ.

ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಮೈಗೆ ಇರುವ ದೂರ. ಅದು ರಿಮ್ಮಿನ ಹಿಂಬದಿಯಲ್ಲಿ ಇಟಿ (ET) ಎಂಬ ಅಕ್ಷರಗಳ ಪಕ್ಕ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಅಗಲ ಅಷ್ಟೇ ಇದ್ದು, 45 ಇರಬೇಕಾದಲ್ಲಿ 30 ಹಾಕಿದರೆ ಚಕ್ರ 15 ಮಿ.ಮೀ. ಹೊರಗೆ ಚಾಚುತ್ತದೆ. ಖಾಲಿ ಕಾರಿನಲ್ಲಿ ಗೊತ್ತಾಗುವುದಿಲ್ಲ. ಐದು ಜನ ಕೂತು ಹಂಪ್ ಹತ್ತಿದಾಗ ಟೈರು ಫೆಂಡರಿಗೆ ಉಜ್ಜುತ್ತದೆ.

ಎರಡನೆಯ ಹೆಜ್ಜೆ: ಬೆನ್ನು ನೋಡುವುದು

ಜನ ಹಣ ಕಳೆದುಕೊಳ್ಳುವುದು ಇಲ್ಲಿ. ಮಾರುವವರು ಚಕ್ರವನ್ನು ತೊಳೆದು, ಹೊಳಪಿಸಿ, ಮುಖ ಮೇಲೆ ಮಾಡಿ ಅಂಗಳದಲ್ಲಿ ಇಟ್ಟಿರುತ್ತಾರೆ. ಮುಖದ ಗೀರು ಲೆಕ್ಕಕ್ಕಿಲ್ಲ. ಹೊಂಡಕ್ಕೆ ಬಿದ್ದ ಪೆಟ್ಟು ಬಹಳ ಸಲ ಒಳಬದಿಯ ಅಂಚಿಗೇ ತಾಗುತ್ತದೆ. ಆದ್ದರಿಂದ ಟೈರ್ ಬಿಚ್ಚಿಸದೆ ನಾನು ಅಲಾಯ್ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಮಾರುವವರನ್ನು ಯಾವುದಾದರೂ ಟೈರ್ ಅಂಗಡಿಗೇ ಬರಹೇಳಿ. ಬಿಚ್ಚುವ, ಕೂರಿಸುವ ಖರ್ಚು ನೀವೇ ಕೊಡಿ. ಒಪ್ಪದಿದ್ದರೆ ವ್ಯವಹಾರ ಬಿಡಿ.

ಬಿಚ್ಚುವ ಮೊದಲು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿ. ಯಂತ್ರದ ಸಂಖ್ಯೆಯನ್ನು ನೋಡುವುದು ಆಮೇಲೆ. ರಿಮ್ಮಿನ ಒಳ ಅಂಚಿನ ಹತ್ತಿರ ಒಂದು ಸ್ಕ್ರೂ ಡ್ರೈವರನ್ನು ಅಲುಗದಂತೆ ಹಿಡಿದು, ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ಅಂತರ ನೋಡಿ. ಅಂತರ ಹಿಗ್ಗಿ ಕುಗ್ಗಿದರೆ ಬೆಂಡ್ ಇದೆ. ಒಂದೇ ಕಡೆ ಸಾಲಾಗಿ ಅಂಟಿಸಿದ ಸೀಸದ ತುಂಡುಗಳಿದ್ದರೆ ಅದೂ ಬೆಂಡಿನ ಸುಳಿವು.

ಈಗ ಟೈರ್ ಬಿಚ್ಚಿಸಿ. ಒಳಗೆ ಪಂಕ್ಚರ್ ತಡೆಯುವ ದ್ರಾವಣದ ಅಂಟು ಇದ್ದರೆ ಪೂರ್ತಿ ಒರೆಸಿಸಿ. ಈ ದ್ರಾವಣ ನನಗೆ ಯಾವಾಗಲೂ ಅಸಮಾಧಾನದ ವಸ್ತು. ಬಿರುಕನ್ನೂ ಮುಚ್ಚುತ್ತದೆ, ರಿಮ್ಮಿನ ಒಳಮೈಯನ್ನೂ ಕೆಡಿಸುತ್ತದೆ. ಬಿರುಕು ಸಾಮಾನ್ಯವಾಗಿ ಒಳ ಅಂಚಿನಿಂದ ಶುರುವಾಗಿ ನಡುವಿನ ಕಡೆಗೆ ಕೂದಲೆಳೆಯಂತೆ ಹೋಗಿರುತ್ತದೆ. ಅನುಮಾನ ಬಂದಲ್ಲಿ ಹಳೆಯ ಮೆಕ್ಯಾನಿಕ್‌ಗಳ ಉಪಾಯ ಮಾಡಿ: ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ, ಬಟ್ಟೆಯಲ್ಲಿ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಗೀರಿನದಾಗಿದ್ದರೆ ಎಣ್ಣೆ ಹೀಗೆ ಉಕ್ಕಿ ಬರುವುದಿಲ್ಲ. ಬಿರುಕು ಬಿಟ್ಟದ್ದು, ವೆಲ್ಡ್ ಮಾಡಿದ್ದು ಎರಡನ್ನೂ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ವೆಲ್ಡಿನ ಕಾವಿಗೆ ಸುತ್ತಲಿನ ಲೋಹ ತನ್ನ ಗಟ್ಟಿತನ ಕಳೆದುಕೊಂಡಿರುತ್ತದೆ. ಒಳಮೈಗೆ ಹೊಸ ಬಣ್ಣ ಬಳಿದಿದ್ದರೂ ನಾನು ಹಿಂದೆ ಸರಿಯುತ್ತೇನೆ. ಯಾರಿಗೂ ಕಾಣದ ಜಾಗಕ್ಕೆ ಬಣ್ಣ ಬಳಿಯುವವರು ಕಡಿಮೆ.

ಕರಾವಳಿಯ ರೋಗ ಇನ್ನೊಂದಿದೆ. ಮಲ್ಪೆ, ಪಣಂಬೂರು, ಉಳ್ಳಾಲದ ಕಡಲ ದಂಡೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಅಲಾಯ್ ಮೇಲೆ ಉಪ್ಪುಗಾಳಿ ಕೆಲಸ ಮಾಡಿರುತ್ತದೆ. ಟೈರಿನ ಅಂಚು ಕೂರುವ ಜಾಗದಲ್ಲಿ ಬಿಳಿ ಪುಡಿ ಏಳುತ್ತದೆ, ಗಾಳಿ ಮೆಲ್ಲಗೆ ಸೋರುತ್ತದೆ. ಮೇಲ್ಮೈಯಲ್ಲಿ ಮಾತ್ರ ಇದ್ದರೆ ಉಜ್ಜಿ ತೆಗೆಯಬಹುದು, ಗುಳಿ ಬಿದ್ದಿದ್ದರೆ ಬಿಡಿ. ಆಸಿಡ್ ಬೆರೆತ ಅಗ್ಗದ ತೊಳೆಯುವ ದ್ರಾವಣವನ್ನಂತೂ ಅಲಾಯ್‌ಗೆ ತಾಗಿಸಬೇಡಿ. ಒಂದು ದಿನ ಬೆಳ್ಳಿಯಂತೆ ಹೊಳೆದು, ಮುಂದಿನ ಮಳೆಗಾಲಕ್ಕೆ ಮೇಲಿನ ಲೇಪ ಸಿಪ್ಪೆಯಾಗಿ ಏಳುತ್ತದೆ.

ಟೈರ್ ಸಮೇತ ಕೊಳ್ಳುವುದಾದರೆ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಟೈರಿಗೆ ನಾನು ಬೆಲೆ ಕಟ್ಟುವುದಿಲ್ಲ.

ಮಾರುವವರಿಗೆ

ಹಿಂಬದಿಯ ಅಚ್ಚು ಕಾಣುವಂತೆ, ಹಗಲು ಬೆಳಕಿನಲ್ಲಿ, ಪ್ರತಿ ಚಕ್ರದ ಫೋಟೊ ಬೇರೆಬೇರೆ ತೆಗೆಯಿರಿ. ಗಾಯದ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟು ತೋರಿಸಿ. ಬಿರುಕು ಬಿಟ್ಟ ಚಕ್ರವನ್ನು ಗುಜರಿಗೆ ಅಲ್ಯೂಮಿನಿಯಂ ತೂಕಕ್ಕೆ ಹಾಕಿ, ಇನ್ನೊಬ್ಬರ ಕಾರಿಗೆ ಕಟ್ಟಬೇಡಿ.

ಹಣದ ವಿಷಯ. "ನಾನು ಸೈನ್ಯದಲ್ಲಿದ್ದೇನೆ, ನೋಡುವ ಅಗತ್ಯವಿಲ್ಲ, ಕ್ಯೂಆರ್ ಕಳುಹಿಸುತ್ತೇನೆ, ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ" ಎನ್ನುವವರು ವಂಚಕರು. ಹಣ ಪಡೆಯಲು ಸ್ಕ್ಯಾನ್ ಬೇಡ, ಯುಪಿಐ ಪಿನ್ ಬೇಡ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಳುಹಿಸುವುದು

ಖಾಲಿ ರಿಮ್ ಕಳುಹಿಸುವುದು ಸುಲಭ, ಅಗ್ಗ. ಅನೇಕ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಹಿಡಿಯುತ್ತವೆ. 15 ಇಂಚಿನ ರಿಮ್ 42×42×20ರ ಪೆಟ್ಟಿಗೆಯಲ್ಲಿ ಏಳು ಕಿಲೊ ಆಗುತ್ತದೆ, ಟೈರ್ ಸಮೇತ 60×60×20 ಆದರೆ ಹದಿನಾಲ್ಕು ದಾಟುತ್ತದೆ. ನಿಜವಾದ ತೂಕ ಹೆಚ್ಚಿದ್ದರೆ ಅದನ್ನೇ ಹಿಡಿಯುತ್ತಾರೆ.

ಕಟ್ಟುವಾಗ ಮುಖಕ್ಕೆ ದಪ್ಪ ರಟ್ಟಿನ ಎರಡು ವೃತ್ತ ಕತ್ತರಿಸಿ ಇಡಿ. ಅಂಚಿನ ಸುತ್ತ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ತೊಡಿಸಿ. ಬಬಲ್ ಹಾಳೆಗಿಂತ ಇದು ಎಷ್ಟೋ ಮೇಲು, ಏಕೆಂದರೆ ಗುಳ್ಳೆಗಳು ಮೊದಲ ಲೋಡಿಂಗಿನಲ್ಲೇ ಒಡೆಯುತ್ತವೆ. ಅದರ ಮೇಲೆ ಪ್ಲಾಸ್ಟಿಕ್, ಕೊನೆಗೆ ಗೋಣಿ ಹೊಲಿದು ಬಿಡಿ. ಎರಡು ಚಕ್ರವನ್ನು ಮುಖಕ್ಕೆ ಮುಖ ಮಾಡಿ ಒಟ್ಟಿಗೆ ಕಟ್ಟಬಹುದು, ನಾಲ್ಕನ್ನು ಬೇಡ. ಹಮಾಲಿ ಎತ್ತಲಾರದೆ ಎಸೆಯುತ್ತಾನೆ. ವಿಳಾಸವನ್ನು ಒಳಗೊಂದು, ಹೊರಗೊಂದು ಬರೆಯಿರಿ. ನಟ್ಟುಗಳನ್ನು ರಿಮ್ಮಿನೊಳಗೆ ಸಡಿಲವಾಗಿ ಹಾಕಿದರೆ ದಾರಿಯುದ್ದಕ್ಕೂ ಒಳಮೈಗೆ ಬಡಿಯುತ್ತವೆ. ಬಟ್ಟೆಯಲ್ಲಿ ಗಂಟು ಕಟ್ಟಿ.

ಕೆಎಸ್‌ಆರ್‌ಟಿಸಿಯ ಪಾರ್ಸೆಲ್ ಸೇವೆ 'ನಮ್ಮ ಕಾರ್ಗೊ' 2021ರಲ್ಲಿ ಶುರುವಾಯಿತು; ಮಂಗಳೂರಿನವರು ಬಿಜೈ ನಿಲ್ದಾಣದಲ್ಲಿ ವಿಚಾರಿಸಬಹುದು. ದೂರದ ಊರುಗಳಿಗೆ ಮಂಗಳೂರು ಸೆಂಟ್ರಲ್ ನಿಲ್ದಾಣದ ರೈಲ್ವೆ ಪಾರ್ಸೆಲ್ ಕಚೇರಿ ನನ್ನ ಆಯ್ಕೆ. ಬಂದ ಸರಕನ್ನು ಬಿಡಿಸಿಕೊಳ್ಳಲು ತಡಮಾಡಿದರೆ ಹೆಚ್ಚುವರಿ ಬಾಡಿಗೆ ಬೀಳುತ್ತದೆ, ಪಡೆಯುವವರಿಗೆ ಮೊದಲೇ ತಿಳಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿಗಳು ನಿಲ್ಲುತ್ತವೆ, ಆ ತಿಂಗಳುಗಳಲ್ಲಿ ದಿನಾಂಕದ ಮಾತು ಕೊಡಬೇಡಿ.

ಬಂದ ಮೇಲೆ

ಕಟ್ಟು ಬಿಚ್ಚುವುದನ್ನು ಮೊದಲಿನಿಂದ ವಿಡಿಯೊ ಮಾಡಿ. ಹಬ್ಬಿನ ಮೇಲಿನ ತುಕ್ಕನ್ನು ತಂತಿಯ ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ಚಕ್ರ ಕೂರಿಸಿ. ಎಲ್ಲ ನಟ್ಟುಗಳನ್ನೂ ಮೊದಲು ಬರಿಗೈಯಲ್ಲಿ ತಿರುಗಿಸಿ. ಕೈಯಲ್ಲಿ ಕೊನೆಯವರೆಗೆ ಇಳಿಯದ ನಟ್ಟು ಒಂದೇ ಒಂದಿದ್ದರೂ ಅಲ್ಲೇ ನಿಲ್ಲಿಸಿ, ಅಳತೆ ಮತ್ತೆ ನೋಡಿ. ಗಾಳಿಯ ಗನ್ ಬೇಡ. ಎದುರುಬದುರಾಗಿ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್‌ನಲ್ಲಿ, ಕಾರಿನ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಯಿರಿ. ಪೋಲೊಗೆ ಅದು 120 ನ್ಯೂಟನ್ ಮೀಟರ್. ಉಡುಪಿಯಿಂದ ಮಂಗಳೂರಿಗೆ ಒಂದು ಓಟ ಹೋದರೆ ಸುಮಾರು 60 ಕಿಲೊಮೀಟರ್ ಆಗುತ್ತದೆ. ಅಲ್ಲಿ ಚಕ್ರ ತಣ್ಣಗಾದ ಮೇಲೆ ರೆಂಚ್ ತೆಗೆದು ಇನ್ನೊಮ್ಮೆ ಬಿಗಿ ನೋಡಿ, ನಂತರವೇ ಹಿಂತಿರುಗಿ.