ಓತಿಯ ಗಾಜಿನ ಮನೆಗೊಂದು ಬಂಡೆಯ ಗೋಡೆ

ಬಿಯರ್ಡೆಡ್ ಡ್ರ್ಯಾಗನ್ ಸಾಕಿರುವ ಗಾಜಿನ ಪೆಟ್ಟಿಗೆಯ ಹಿಂಬದಿಗೆ ಮರುಭೂಮಿಯ ಚಿತ್ರವೊಂದನ್ನು ಅಂಟಿಸಿದರೆ ಮನೆಗೆ ಬಂದವರ ಕಣ್ಣಿಗೆ ಹಿತವಾಗುತ್ತದೆಯೇ ಹೊರತು ಒಳಗಿರುವ ಪ್ರಾಣಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಆಸ್ಟ್ರೇಲಿಯದ ಒಳನಾಡಿನ ಒಣನೆಲದಿಂದ ಬಂದ ಈ ಓತಿಯು ಬಂಡೆ, ಮರದ ಕೊರಡು, ಬೇಲಿಗೂಟಗಳನ್ನು ಏರಿ ಬಿಸಿಲು ಕಾಯಿಸಿಕೊಳ್ಳುವ ಜಾತಿಯಾದ್ದರಿಂದ, ಉಗುರು ಊರಿ ಹತ್ತಲು ಬರುವಂಥ ಗೋಡೆಯೇ ಅದಕ್ಕೆ ತಕ್ಕ ಹಿನ್ನೆಲೆ. ಥರ್ಮಾಕೋಲ್ ಮತ್ತು ಟೈಲ್ಸ್ ನಡುವಿನ ಸಂದು ತುಂಬುವ ಗ್ರೌಟ್ ಪುಡಿ ಬಳಸಿ ಇದನ್ನು ಮನೆಯಲ್ಲಿಯೇ ಮಾಡಬಹುದು. ಕೈಕೆಲಸಕ್ಕೆ ಎರಡು ಮೂರು ದಿನ ಸಾಕು; ಒಣಗುವುದಕ್ಕೆ ಮಾತ್ರ ಎರಡು ಮೂರು ವಾರ ಕಾಯಬೇಕು.

ನಮ್ಮ ಕಾಡು ಮೇಡುಗಳ ಗೋಸುಂಬೆ, ಉಡ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ಪ್ರಾಣಿಗಳಲ್ಲಿಯೂ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಸರಿಯಿಲ್ಲದಿದ್ದರೆ ಗೋಡೆಯ ಮಾತು ಆಮೇಲೆ.

ಅಲಂಕಾರದ ಥರ್ಮಾಕೋಲ್ ಮಾರಾಟ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿದೆ. ಹಾಗಾಗಿ ದಸರಾ ಬೊಂಬೆಗಳ ಹಿಂದೆ ಇಡಲು ಹಿಂದೆ ಕೊಂಡುತರುತ್ತಿದ್ದ ಹಾಳೆಗಳನ್ನು ಮೈಸೂರಿನ ಅಂಗಡಿಗಳಲ್ಲಿ ಹುಡುಕುವ ಬದಲು, ಟೀವಿ ಅಥವಾ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಂದ ದಪ್ಪ ತುಂಡುಗಳನ್ನೇ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಕಸದ ಗಾಡಿಗೆ ಹೋಗಬೇಕಾದದ್ದು ಹೀಗಾದರೂ ನಾಲ್ಕಾರು ವರ್ಷ ಉಪಯೋಗಕ್ಕೆ ಬರುತ್ತದೆ. ಹಿಸುಕಿದರೆ ಕಾಳು ಕಾಳಾಗಿ ಉದುರುವ ತುಂಡು ಬೇಡ. ಇದರ ಜೊತೆಗೆ ಎರಡು ಕಿಲೋ ಗ್ರೌಟ್, ಕೆಂಪು ನೆಲಕ್ಕೆ ಬಳಸುವ ರೆಡ್ ಆಕ್ಸೈಡ್ ಪುಡಿ, ಫೆವಿಕಾಲ್, ಬಿದಿರು ಕಡ್ಡಿ, ಅಕ್ವೇರಿಯಂ ಸಿಲಿಕೋನ್, ನೀರು ಆಧಾರಿತ (ವಾಟರ್ ಬೇಸ್ಡ್) ಬಣ್ಣರಹಿತ ಅಕ್ರಿಲಿಕ್ ವಾರ್ನಿಷ್ ಇರಲಿ.

ದೊಡ್ಡ ಓತಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆ ಬೇಕು. ಹಿಂಗೋಡೆಯ ಅಳತೆಗಿಂತ ಥರ್ಮಾಕೋಲನ್ನು ಎಲ್ಲ ಬದಿಯಲ್ಲೂ ಅರ್ಧ ಸೆಂಟಿಮೀಟರ್ ಕಡಿಮೆ ಕತ್ತರಿಸಿ, ಏಕೆಂದರೆ ಮೂರು ಸಲ ಗ್ರೌಟ್ ಬಳಿಯುವಷ್ಟರಲ್ಲಿ ಅದು ದಪ್ಪಗಾಗುತ್ತದೆ. ಬಾಗಿಲಿನಿಂದ ಒಳಗೆ ತೂರಿಸಲು ಬರುವಂತೆ ಎರಡು ಭಾಗವಾಗಿಯೇ ಮಾಡಿಕೊಳ್ಳಬೇಕು. ನಡುವಿನ ಸಂದಿಯನ್ನು ನೇರವಾಗಿ ಬಿಡದೆ ಬಂಡೆಯ ಬಿರುಕಿನಂತೆ ಓರೆಕೋರೆಯಾಗಿ ಕೊಯ್ದರೆ ಜೋಡಿಸಿದ ಗುರುತು ಕಾಣುವುದಿಲ್ಲ.

ಕೆತ್ತುವ ಮೊದಲು ಪಾಂಡವಪುರದ ಕುಂತಿಬೆಟ್ಟಕ್ಕೋ ಚಾಮುಂಡಿ ಬೆಟ್ಟದ ಮೆಟ್ಟಿಲಿನ ದಾರಿಗೋ ಹೋಗಿ ಬಂಡೆಗಳನ್ನು ಒಮ್ಮೆ ಸಮಾಧಾನವಾಗಿ ನೋಡಿ ಬನ್ನಿ. ಕೈಗೆ ಬಂದಂತೆ ಗೀರಿದ ಗೋಡೆ ಕೃತಕವಾಗಿ ಕಾಣುವುದು ಏಕೆಂಬುದು ಅಲ್ಲಿ ತಿಳಿಯುತ್ತದೆ: ಕಲ್ಲಿನ ಸೀಳುಗಳು ಎಲ್ಲೆಂದರಲ್ಲಿ ಓಡದೆ ಒಂದು ಅಡ್ಡ, ಒಂದು ಉದ್ದ ಎಂಬಂತೆ ಸಾಗುತ್ತವೆ, ಬಂಡೆಯ ಅಂಚುಗಳು ಮಳೆ ಬಿಸಿಲಿಗೆ ಸವೆದು ಉರುಟಾಗಿರುತ್ತವೆ, ಆದರೆ ಸೀಳಿನ ಒಳಭಾಗ ಹರಿತವಾಗಿಯೇ ಉಳಿದಿರುತ್ತದೆ. ಆದ್ದರಿಂದ ಮೊದಲು ಬ್ರೆಡ್ ಕೊಯ್ಯುವ ಚಾಕುವಿನಿಂದ ದೊಡ್ಡ ಸೀಳುಗಳನ್ನು ತೆಗೆದು, ಬಳಿಕ ತಂತಿಯ ಬ್ರಷ್ಷಿನಿಂದ ಅಂಚುಗಳನ್ನು ಮಾತ್ರ ಉಜ್ಜಬೇಕು. ಚಾಕುವನ್ನು ಒಲೆಯಲ್ಲಿ ಕಾಯಿಸಿ ಕೊಯ್ದರೆ ಬರುವ ಹೊಗೆ ಒಳ್ಳೆಯದಲ್ಲ. ಫ್ಯಾನ್ ಆರಿಸಿ ಕುಳಿತುಕೊಳ್ಳಿ, ಇಲ್ಲವಾದರೆ ಬಿಳಿ ಕಾಳುಗಳು ಒಂದು ವಾರದವರೆಗೆ ಅನ್ನದ ತಟ್ಟೆಯಲ್ಲಿಯೂ ಸಿಗುತ್ತವೆ.

ಓತಿ ಕೂರುವ ಜಗಲಿಯಂಥ ಚಾಚುಗಳನ್ನು ಬೇರೆ ತುಂಡಿನಲ್ಲಿ ಮಾಡಿ, ಮೂರು ನಾಲ್ಕು ಬಿದಿರು ಕಡ್ಡಿಗಳನ್ನು ಗೋಡೆಯೊಳಗೆ ಚುಚ್ಚಿ ಫೆವಿಕಾಲ್ ಹಾಕಿ ಕೂರಿಸಬೇಕು. ಬೆಳೆದ ಪ್ರಾಣಿ ಅರ್ಧ ಕಿಲೋದಷ್ಟು ತೂಗುತ್ತದೆ. ಚಾಚು ಎಲ್ಲಿರಬೇಕೆಂಬುದನ್ನು ಅಂದಕ್ಕಿಂತ ಮೊದಲು ಶಾಖ ನಿರ್ಧರಿಸಬೇಕು. ಬಿಸಿಲು ಕಾಯುವ ಜಾಗದಲ್ಲಿ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಬಿಸಿಲಿನ ಬದಲಿಗೆ ಪೆಟ್ಟಿಗೆಯಲ್ಲಿ ಉರಿಸುವ ಶಾಖದ ದೀಪಕ್ಕೆ ಚಾಚು ತೀರ ಸಮೀಪವಾದರೆ ಪ್ರಾಣಿಯ ಬೆನ್ನು ಸುಡುವುದಲ್ಲದೆ, 80 ಡಿಗ್ರಿಯ ಆಸುಪಾಸಿನಲ್ಲಿ ಥರ್ಮಾಕೋಲೇ ಮೆದುವಾಗತೊಡಗುತ್ತದೆ. ತಲೆ ತೂರಿ ಮೈ ತೂರದಂಥ ಸಂದುಗಳನ್ನು ಎಲ್ಲಿಯೂ ಬಿಡಬಾರದು.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಬಣ್ಣ ಗ್ರೌಟಿನೊಳಗೇ ಇರಬೇಕು, ಮೇಲೆ ಬಳಿದದ್ದಾಗಿರಬಾರದು. ಮೊದಲ ಸಲ ನಾನು ಡಬ್ಬಿಯ ಸ್ಪ್ರೇ ಪೇಂಟನ್ನು ನೇರವಾಗಿ ಥರ್ಮಾಕೋಲಿಗೆ ಹೊಡೆದು, ಅದರಲ್ಲಿದ್ದ ದ್ರಾವಕವು ಒಂದು ಸಂಜೆಯ ಕೆತ್ತನೆಯನ್ನು ಕಣ್ಣೆದುರೇ ಗುಳಿಗುಳಿಯಾಗಿ ತಿಂದುಹಾಕಿದ್ದನ್ನು ನೋಡಿದ್ದೇನೆ. ಅದೂ ಅಲ್ಲದೆ, ಮೇಲ್ಬಣ್ಣ ಓತಿಯ ಉಗುರಿಗೆ ಕೆಲವೇ ತಿಂಗಳಲ್ಲಿ ಗೀಚಿಹೋಗುತ್ತದೆ. ಒಂದು ಕಿಲೋ ಗ್ರೌಟಿಗೆ 50 ಗ್ರಾಂನಷ್ಟು ಆಕ್ಸೈಡ್ ಬೆರೆಸಿದರೆ ಗೀರು ಬಿದ್ದರೂ ಒಳಗಿನಿಂದ ಅದೇ ಕೆಂಪು ಕಾಣುತ್ತದೆ.

ಗ್ರೌಟ್ ಕಲಸುವಾಗ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇಬೇಕು, ಅದರಲ್ಲಿರುವುದು ಸಿಮೆಂಟು. ಮೊದಲ ಲೇಪ ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗಿದ್ದರೆ ಸಣ್ಣ ಸೀಳುಗಳೊಳಗೂ ಇಳಿಯುತ್ತದೆ. ಎರಡನೆಯದು ಇಡ್ಲಿ ಹಿಟ್ಟಿನ ಹದಕ್ಕಿರಲಿ. ಮೂರನೆಯದಕ್ಕೆ ಸ್ಪಂಜನ್ನು ಗ್ರೌಟಿನಲ್ಲಿ ಅದ್ದಿ ಒತ್ತುತ್ತಾ ಹೋದರೆ ಉಗುರಿಗೆ ಹಿಡಿತ ಸಿಗುವ ಒರಟುತನ ಬರುತ್ತದೆ. ಲೇಪದಿಂದ ಲೇಪಕ್ಕೆ ಒಂದು ದಿನದ ಅಂತರವಿರಬೇಕು. ನಮ್ಮ ಮಾರ್ಚ್ ತಿಂಗಳ ಬಿಸಿಲಿಗಿಟ್ಟರೆ ಬೇಗ ಒಣಗಿತೆಂದು ಸಂತೋಷಪಡುವಷ್ಟರಲ್ಲಿ ಬಿರುಕು ಬಿಟ್ಟಿರುತ್ತದೆ. ನೆರಳಿನಲ್ಲಿಟ್ಟು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಆಗಾಗ ನೀರು ಚಿಮುಕಿಸಬೇಕು. ಕೊನೆಯಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಬೊದ್ದೆಂದು ಸದ್ದು ಬಂದ ಕಡೆ ಲೇಪ ತೆಳುವಾಗಿದೆಯೆಂದು ತಿಳಿದು ಇನ್ನೊಮ್ಮೆ ಬಳಿಯಿರಿ, ಏಕೆಂದರೆ ಅಲ್ಲಿ ಗ್ರೌಟ್ ಎದ್ದು ಓತಿ ಥರ್ಮಾಕೋಲ್ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ.

ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ವಾರ್ನಿಷನ್ನು ಎರಡು ಸಲ ಬಳಿದು, ಮೂಗು ಹತ್ತಿರ ತಂದರೂ ವಾಸನೆ ಬಾರದಂತಾಗುವವರೆಗೆ ಗಾಳಿಯಾಡುವ ಕಡೆ ಇಡಬೇಕು. ಆಮೇಲೆ ಸಿಲಿಕೋನ್ ಹಾಕಿ ಗಾಜಿಗೆ ಒತ್ತಿ, ಸುತ್ತಲಿನ ಅಂಚನ್ನೂ ಅದರಿಂದಲೇ ಪೂರ್ತಿ ಮುಚ್ಚಿ. ಒಂದು ಮೂಲೆಯನ್ನು ನಾನು ಅಲಕ್ಷ್ಯದಿಂದ ಬಿಟ್ಟದ್ದಕ್ಕೆ, ಆಹಾರಕ್ಕೆಂದು ಬಿಟ್ಟ ಚಿಮ್ಮಂಡೆಗಳು ಗೋಡೆಯ ಹಿಂದೆ ಸೇರಿಕೊಂಡು ರಾತ್ರಿಯಿಡೀ ಕಿರುಗುಟ್ಟುತ್ತಿದ್ದವು.

ಸಿಲಿಕೋನಿನ ಹುಳಿವಾಸನೆ ಪೂರ್ತಿ ಹೋದ ಮೇಲೆ, ಪ್ರಾಣಿಯನ್ನು ಬಿಡುವ ಮೊದಲು, ದೀಪವನ್ನು ಒಂದಿಡೀ ದಿನ ಉರಿಸಿ ಪ್ರತಿ ಚಾಚಿನ ಮೇಲೂ ಥರ್ಮಾಮೀಟರ್ ಇಟ್ಟು ನೋಡಬೇಕು. ಥರ್ಮಾಕೋಲ್ ಶಾಖವನ್ನು ಹಿಡಿದಿಡುವುದರಿಂದ ಪೆಟ್ಟಿಗೆಯ ತಂಪು ತುದಿಯೂ ಮೊದಲಿಗಿಂತ ಬೆಚ್ಚಗಾಗಿರಬಹುದು. ಹಾಗಿದ್ದರೆ ದೀಪದ ವ್ಯಾಟ್ ಇಳಿಸಿ, ಮರುದಿನ ಮತ್ತೊಮ್ಮೆ ಅಳೆಯಿರಿ.