ಪಂಚಾಯಿತಿ ಜಾಗ ಕೊಳ್ಳುತ್ತಿದೆಯೇ? ನೋಂದಣಿಗೆ ಮೊದಲು ಈ ಕಾಗದಗಳನ್ನು ನೋಡಿ

ಸ್ಮಶಾನಕ್ಕೆ ಒಂದು ಎಕರೆ, ಕಸ ವಿಲೇವಾರಿ ಘಟಕಕ್ಕೆ ಎರಡು ಎಕರೆ, ನಿವೇಶನ ಹಂಚಲು ಐದು ಎಕರೆ. ಸಣ್ಣ ಊರಿನ ಪಂಚಾಯಿತಿ ಜಾಗ ಹುಡುಕುವುದು ಹೆಚ್ಚಾಗಿ ಇಂಥ ಕೆಲಸಗಳಿಗೆ. ದುಡ್ಡು ಊರಿನದು, ಜಾಗವೂ ಊರಿಗೇ. ಆದರೂ ಊರವರಿಗೆ ವಿಷಯ ಗೊತ್ತಾಗುವುದು ತಂತಿಬೇಲಿ ಬಿದ್ದ ಮೇಲೆ. ಠರಾವು ಆದ ದಿನದಿಂದ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರಕ್ಕೆ ಸಹಿ ಬೀಳುವವರೆಗೆ ಪ್ರಶ್ನೆ ಕೇಳಿದರೆ ಒಂದು ಅರ್ಜಿಯಲ್ಲಿ ಕೆಲಸ ಆಗುತ್ತದೆ. ಸಹಿ ಬಿದ್ದ ಮೇಲೆ ಅದೇ ಪ್ರಶ್ನೆಗೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಹಾಗಾಗಿ ಕೆಳಗಿನ ಹೆಜ್ಜೆಗಳೆಲ್ಲ ಆ ನಡುವಿನ ಅವಧಿಗೆ.

1. ಜಾಗ ಯಾವ ದಾರಿಯಲ್ಲಿ ಬರುತ್ತಿದೆ?

ಪಂಚಾಯಿತಿಗೆ ಜಾಗ ಸಿಗುವುದು ನಾಲ್ಕು ದಾರಿಗಳಲ್ಲಿ. ಸರ್ಕಾರಿ ಜಮೀನನ್ನು ಕಾಯ್ದಿರಿಸಿಕೊಳ್ಳುವುದು, ಖಾಸಗಿಯವರಿಂದ ನೇರ ಖರೀದಿ, ಭೂಸ್ವಾಧೀನ, ದಾನ. ಮೊದಲು ಕೇಳಬೇಕಾದ ಪ್ರಶ್ನೆ: ಊರಲ್ಲಿ ಸರ್ಕಾರಿ ಜಾಗ ಇರುವಾಗ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು? ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಜಮೀನನ್ನು ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಆದರೆ ಗೋಮಾಳಕ್ಕೆ ಕೈ ಹಾಕುವಾಗ ಒಂದು ಲೆಕ್ಕ ಉಂಟು. 100 ಜಾನುವಾರಿಗೆ 30 ಎಕರೆ ಎಂಬುದು ಭೂಕಂದಾಯ ನಿಯಮಗಳ ಅಳತೆ. ಊರಲ್ಲಿ ಅಷ್ಟು ಗೋಮಾಳ ಇದೆಯೇ ಎಂದು ತಹಶೀಲ್ದಾರ್ ಕಚೇರಿಯಿಂದ ವರದಿ ತರಿಸಬೇಕು. ‘ಸರ್ಕಾರಿ ಜಾಗ ಲಭ್ಯವಿಲ್ಲ’ ಎಂಬ ದೃಢೀಕರಣ ಕಡತದಲ್ಲಿ ಇಲ್ಲದೆ ಖರೀದಿ ಮಾತು ಶುರುವಾಗಿದ್ದರೆ ಮೊದಲ ಆಕ್ಷೇಪಣೆ ಅಲ್ಲಿಂದಲೇ.

ಭೂಸ್ವಾಧೀನದ ದಾರಿ ಉದ್ದ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆಯ ನಂತರ ಆಕ್ಷೇಪಣೆಗೆ 60 ದಿನ ಇರುತ್ತದೆ. ಲೆಕ್ಕ ಹಾಕಿದ ಪರಿಹಾರದ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನವನ್ನೂ ಕೊಡಬೇಕು. ಎರಡು ಎಕರೆಗೆ ಇಷ್ಟೆಲ್ಲ ಯಾಕೆ ಎಂದು ಪಂಚಾಯಿತಿಗಳು ನೇರ ಖರೀದಿಗೆ ಹೋಗುತ್ತವೆ. ಅದು ತಪ್ಪಲ್ಲ, ಆದರೆ ಅಲ್ಲಿ ಕಾವಲು ಕಡಿಮೆ.

ದಾನದ ಬಗ್ಗೆ ಒಂದು ಮಾತು. ಬಾಯಿಮಾತಿನ ದಾನ, ಛಾಪಾ ಕಾಗದದ ಮೇಲಿನ ಒಪ್ಪಿಗೆ ಪತ್ರ, ಸನ್ಮಾನ ಸಭೆಯ ಘೋಷಣೆ, ಇವ್ಯಾವುವೂ ಜಾಗದ ಹಕ್ಕನ್ನು ವರ್ಗಾಯಿಸುವುದಿಲ್ಲ. ಸ್ಥಿರಾಸ್ತಿಯ ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಆಗಲೇಬೇಕು. ಅಜ್ಜ ಶಾಲೆಗೆ ಬಿಟ್ಟುಕೊಟ್ಟ ಜಾಗವನ್ನು ಮೊಮ್ಮಕ್ಕಳು ‘ಪಹಣಿ ನಮ್ಮದೇ’ ಎಂದು ಕೇಳಿಕೊಂಡು ಬರುವುದು ಈ ಒಂದು ಕೊರತೆಯಿಂದ.

2. ಠರಾವು ಹುಡುಕಿ, ಪೂರ್ತಿ ಓದಿ

ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆ ಎರಡು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಗ್ರಾಮಸಭೆ ಆರು ತಿಂಗಳಿಗೊಮ್ಮೆ. ಸಭಾ ಸೂಚನೆಯನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ನೋಡಿ. ಪಂಚತಂತ್ರ ಜಾಲತಾಣವನ್ನೂ ತೆರೆದು ನೋಡಿ. ಖರ್ಚು ವೆಚ್ಚ ಇ-ಗ್ರಾಮಸ್ವರಾಜ್‌ನಲ್ಲಿ ಸಿಗುತ್ತದೆ. ನಿಮ್ಮದು ಪಟ್ಟಣ ಪಂಚಾಯಿತಿಯಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬದಲು ಮುಖ್ಯಾಧಿಕಾರಿಯನ್ನು ಕೇಳಬೇಕು. ಅಲ್ಲಿ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆ.

ಕಾರ್ಯಸೂಚಿಯಲ್ಲಿ ಜಮೀನಿನ ಹೆಸರೇ ಇರದೆ, ಕೊನೆಯ ಸಾಲಿನ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬಲ್ಲಿ ಖರೀದಿ ತೀರ್ಮಾನ ಆಗಿದ್ದರೆ ಕಿವಿ ನಿಮಿರಲಿ. ಸರಿಯಾದ ಠರಾವಿನಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಉದ್ದೇಶಕ್ಕೆ, ಬೆಲೆ ಯಾವ ಆಧಾರದ ಮೇಲೆ, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ ಎಂಬ ಆರೂ ವಿವರ ಇರುತ್ತವೆ. ‘ಸೂಕ್ತ ಜಮೀನು ಗುರುತಿಸಿ ಖರೀದಿಸಲು ಅಧ್ಯಕ್ಷರಿಗೆ ಅಧಿಕಾರ ನೀಡಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದಷ್ಟೇ ಬರೆದಿದ್ದರೆ ಅದು ಖಾಲಿ ಚೆಕ್ಕು. ಠರಾವಿಗೆ ಸೂಚಕರು ಯಾರು, ಅನುಮೋದಕರು ಯಾರು, ಮಾರುವವರಿಗೆ ಅವರು ಏನಾಗಬೇಕು ಎಂಬುದನ್ನೂ ಗುರುತು ಹಾಕಿಕೊಳ್ಳಿ.

3. ಪಹಣಿಯನ್ನು ಕಲಂ ಕಲಂ ಓದಿ

ಸರ್ವೆ ನಂಬರು ಸಿಕ್ಕಿದ ಮೇಲೆ ಭೂಮಿ ಜಾಲತಾಣದಲ್ಲೋ ನಾಡಕಚೇರಿಯಲ್ಲೋ ಪಹಣಿ ತೆಗೆಯಿರಿ. 9ನೇ ಕಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಹೇಗೆ ಬಂತು ಎಂಬ ವಿವರ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು, 11ರಲ್ಲಿ ಸಾಲ, ಅಡಮಾನ, ಕೋರ್ಟ್ ತಡೆಯಾಜ್ಞೆಯಂಥ ಋಣಗಳು. ಇವಿಷ್ಟನ್ನು ಎಲ್ಲರೂ ನೋಡುತ್ತಾರೆ. ಏಮಾರುವುದು 3ನೇ ಕಲಂನಲ್ಲಿ, ಅಂದರೆ ವಿಸ್ತೀರ್ಣದಲ್ಲಿ.

ಅಲ್ಲಿ 3.20 ಎಂದಿದ್ದರೆ ಅದು ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಮೂರೂವರೆ ಎಕರೆ, ಒಟ್ಟು 140 ಗುಂಟೆ. ಕ್ಯಾಲ್ಕುಲೇಟರಿನಲ್ಲಿ 3.2 ಎಂದು ಒತ್ತಿದವರಿಗೆ ಸಿಗುವುದು 128 ಗುಂಟೆಯ ಲೆಕ್ಕ. ಹನ್ನೆರಡು ಗುಂಟೆ ಎಲ್ಲೋ ಹೋಯಿತು! ಪಹಣಿಯಲ್ಲಿ ಸರಿ ಇದ್ದದ್ದು ಅಂದಾಜು ಪಟ್ಟಿಗೆ ಬರುವಾಗ ಹೀಗೆ ಕೆಡುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿ, ಆಮೇಲೆ ಗುಣಿಸಿ.

ಅದೇ ಕಲಂನಲ್ಲಿ ಖರಾಬು ‘ಅ’ ಮತ್ತು ‘ಬ’ ಎಂದು ಎರಡು ಸಾಲು ಇರುತ್ತವೆ. ‘ಅ’ ಖರಾಬು ಬೇಸಾಯಕ್ಕೆ ಬಾರದ ಕಲ್ಲು, ಬಂಡೆ, ಕಣ. ಅದು ಹಿಡುವಳಿದಾರರ ಜೊತೆಗೇ ಇರುವಂಥದ್ದು. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದನ್ನು ಮಾರುವ ಹಕ್ಕು ಹಿಡುವಳಿದಾರರಿಗಿಲ್ಲ. ಒಂದು ಉದಾಹರಣೆ ನೋಡೋಣ. ಒಟ್ಟು 3 ಎಕರೆ 20 ಗುಂಟೆ, ಅದರಲ್ಲಿ ‘ಬ’ ಖರಾಬು 14 ಗುಂಟೆ ಎಂದುಕೊಳ್ಳಿ. ಮಾರಬಹುದಾದದ್ದು 3 ಎಕರೆ 6 ಗುಂಟೆ ಮಾತ್ರ. ಎಕರೆಗೆ 20 ಲಕ್ಷ ರೂಪಾಯಿ ಎಂದರೆ ಗುಂಟೆಗೆ 50 ಸಾವಿರ. ಖರಾಬನ್ನು ಕಳೆಯದೆ ಇಡೀ ವಿಸ್ತೀರ್ಣಕ್ಕೆ ದುಡ್ಡು ಕೊಟ್ಟರೆ ಪಂಚಾಯಿತಿ 7 ಲಕ್ಷ ರೂಪಾಯಿ ತೆತ್ತು ಸರ್ಕಾರದ ಹಳ್ಳವನ್ನೇ ಕೊಂಡಂತೆ. ಇಂಥ ಕಡತಗಳಲ್ಲಿ ಒಂದೇ ಒಂದು ಸಂಗತಿ ಪರಿಶೀಲಿಸಲು ಸಮಯ ಇದೆ ಅನ್ನುವವರು ಇದನ್ನೇ ಪರಿಶೀಲಿಸಲಿ.

4. ನಕ್ಷೆಯಲ್ಲಿ ದಾರಿ ಇದೆಯೇ?

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ನೋಂದಣಿಗೆ 11ಇ ನಕ್ಷೆ ಬೇಕು. ಸರ್ವೇಯರ್ ಜಾಗಕ್ಕೆ ಬಂದು ಅಳೆದು ಕೊಡುವ ಈ ನಕ್ಷೆಯಲ್ಲಿ ಮಾರುವ ತುಂಡು ಯಾವುದು, ಉಳಿಯುವ ತುಂಡು ಯಾವುದು ಎಂದು ಗುರುತಿರುತ್ತದೆ. ಅದನ್ನು ಗ್ರಾಮ ನಕ್ಷೆಯ ಪಕ್ಕ ಇಟ್ಟು ನೋಡಿ. ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆಯಾಗಿ ಕಾಣುವ ಬಂಡಿದಾರಿ ಈ ತುಂಡಿನವರೆಗೆ ಬರುತ್ತದೆಯೇ? ಬರದಿದ್ದರೆ ಕೊಂಡ ಜಾಗಕ್ಕೆ ಹೋಗಲು ಪಕ್ಕದವರ ದಾಕ್ಷಿಣ್ಯವೇ ಗತಿ. ಮುಂದಿನ ಹೊಲ ಯಾರದ್ದು ಎಂದು ಆಗ ನೋಡಿ, ಕೆಲವೊಮ್ಮೆ ಉತ್ತರ ಸ್ವಾರಸ್ಯಕರವಾಗಿರುತ್ತದೆ.

ಮೊಬೈಲಿನ ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಕೆರೆಯಂಗಳವೋ ಅರಣ್ಯವೋ ಪಕ್ಕದಲ್ಲಿದ್ದರೆ ಅನುಮಾನ ಹುಟ್ಟಿಸಲು ಅಷ್ಟು ಸಾಕು. ಗಡಿ ಜಗಳಕ್ಕೆ ಮಾತ್ರ ಅದು ಸಾಕ್ಷಿಯಾಗದು, ಸರ್ವೇಯರ್ ಅಳೆದು ಗಡಿ ಗುರುತಿಸುವ ಹದ್ದುಬಸ್ತು ಮಾಡಿಸಿಯೇ ತೀರಬೇಕು.

ನಕ್ಷೆ ಹಿಡಿದು ಒಮ್ಮೆ ಮಳೆಗಾಲದಲ್ಲಿ ಜಾಗಕ್ಕೆ ಹೋಗಿ. ಸ್ಮಶಾನದ ಜಾಗವಾದರೆ ಎರಡು ಮೂರು ಕಡೆ ಆರಡಿ ಗುಂಡಿ ತೋಡಿಸಿ ನೋಡಬೇಕು. ಮೂರಡಿಗೇ ಬಂಡೆ ಸಿಕ್ಕರೆ ಅಥವಾ ನೀರು ಜಿನುಗಿದರೆ ಅಗ್ಗದ ಜಾಗವೂ ದುಬಾರಿಯೇ. ಕಸದ ಘಟಕಕ್ಕೆ ಅಂತರ ಮುಖ್ಯ. ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, 2016ರ ಘನತ್ಯಾಜ್ಯ ನಿಯಮಗಳು ಹಾಕಿದ ಅಳತೆ ಹೀಗಿತ್ತು: ನದಿಯಿಂದ 100 ಮೀಟರ್, ಕೆರೆಯಿಂದ 200 ಮೀಟರ್, ಜನವಸತಿ, ಹೆದ್ದಾರಿ, ಕುಡಿಯುವ ನೀರಿನ ಬಾವಿಯಿಂದಲೂ 200 ಮೀಟರ್.

5. ಹಕ್ಕು ಎಲ್ಲಿಂದ ಬಂತು?

ಋಣಭಾರ ಪತ್ರ, ಅಂದರೆ ಎಲ್ಲರೂ ಇಸಿ ಅನ್ನುವುದು, ಸಾಮಾನ್ಯವಾಗಿ 30 ವರ್ಷದ್ದು ತೆಗೆಸುತ್ತಾರೆ. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಕಾವೇರಿ ತಂತ್ರಾಂಶದಲ್ಲಿ ಹಳೆಯ ವರ್ಷಗಳದ್ದು ಸಿಗದಿದ್ದರೆ ಉಪನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು. ನೋಂದಣಿಯಾಗದ ಕರಾರು, ಕೋರ್ಟ್ ದಾವೆ ಇಸಿಯಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ.

ಪಂಚಾಯಿತಿ ಖರೀದಿಗಳು ಮುಗ್ಗರಿಸುವ ಜಾಗ ಎರಡು. ಒಂದು, ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎನ್ನುತ್ತದೆ 1978ರ ಈ ಕಾಯ್ದೆ. ಮಾರಿದ ಜಮೀನು ಮರಳಿ ಕೊಡಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ನಡುವೆ ಮೂರು ಕೈ ಬದಲಾಗಿದ್ದರೂ ಮೂಲ ಮಂಜೂರಾತಿ ಯಾರ ಹೆಸರಿಗೆ ಎಂದು ಹಳೆಯ ಮ್ಯುಟೇಶನ್ ಹಿಡಿದು ಹಿಂದಕ್ಕೆ ಹೋಗಲೇಬೇಕು.

ಇನ್ನೊಂದು, ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಜಮೀನನ್ನು ಅಣ್ಣತಮ್ಮಂದಿರಷ್ಟೇ ಮಾರುವುದು, ಮದುವೆಯಾಗಿ ಹೋದ ಅಕ್ಕತಂಗಿಯರು ಆಮೇಲೆ ಪಾಲು ಕೇಳಿ ದಾವೆ ಹೂಡುವುದು ತೀರಾ ಸಾಮಾನ್ಯ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರೂ ಕ್ರಯಪತ್ರದಲ್ಲಿ ಇದೆಯೇ ಎಂದು ಟಿಕ್ ಹಾಕಿ. ತೀರಿಕೊಂಡವರ ಹೆಸರಲ್ಲೇ ಪಹಣಿ ಇದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುವವರೆಗೆ ಮುಂಗಡವಾಗಿ ಬಿಡಿಗಾಸೂ ಕೊಡಬಾರದು.

6. ಬೆಲೆ

ನೋಂದಣಿಗೆ ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ದರ ಮೊದಲ ಆಧಾರ. ಅದರ ಜೊತೆಗೆ ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿ ಕಳೆದ ಮೂರು ವರ್ಷ ನೋಂದಣಿಯಾದ ಕ್ರಯಪತ್ರಗಳ ದರ. ಇಲ್ಲಿ ಒಂದು ಕೈಚಳಕ ಇದೆ. ಭೂಪರಿವರ್ತನೆಯಾಗದ ಹೊಲಕ್ಕೆ ಪಕ್ಕದ ಬಡಾವಣೆಯ ನಿವೇಶನದ ದರ ಹಚ್ಚುವುದು. ಎಕರೆ ಎಂದರೆ 43,560 ಚದರ ಅಡಿ. ಅಡಿಗೆ 100 ರೂಪಾಯಿ ಅಂದರೂ 43.56 ಲಕ್ಷ ಆಯಿತು. ಬಡಾವಣೆಯವರು ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಬಿಟ್ಟು, ಶುಲ್ಕ ಕಟ್ಟಿ ಮಾರಿದ ದರ ಅದು. ಉತ್ತ ಹೊಲವನ್ನು ಅದಕ್ಕೆ ಹೋಲಿಸುವಂತಿಲ್ಲ.

ಇಸಿಯಲ್ಲಿ ಇನ್ನೊಂದನ್ನೂ ನೋಡಿ. ಪಂಚಾಯಿತಿ ಠರಾವಿಗೆ ಕೆಲವೇ ತಿಂಗಳ ಮುಂಚೆ ಜಾಗ ಬೇರೆಯವರ ಕೈ ಸೇರಿದ್ದರೆ, ಆಗಿನ ಬೆಲೆ ಎಷ್ಟು, ಈಗ ಕೇಳುತ್ತಿರುವುದು ಎಷ್ಟು?

7. ಬರೆದು ಕೇಳಿ

ಬಾಯಲ್ಲಿ ಕೇಳಿದರೆ ‘ನೋಡೋಣ’ ಎನ್ನುತ್ತಾರೆ. ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ಕೊಂಡಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಬೇಕು. ಹೀಗೆ ಬರೆಯಬಹುದು:

‘… ಗ್ರಾಮದ ಸರ್ವೆ ನಂ. … ರ ಜಮೀನು ಖರೀದಿಗೆ ಸಂಬಂಧಿಸಿದ ಕಡತದಲ್ಲಿರುವ ಸಭಾ ಸೂಚನೆ, ನಡವಳಿ, ಸರ್ಕಾರಿ ಜಮೀನು ಲಭ್ಯತೆಯ ವರದಿ, ಪಹಣಿ, 11ಇ ನಕ್ಷೆ, ಋಣಭಾರ ಪತ್ರ, ದರ ನಿಗದಿ ವರದಿ, ಮೇಲಧಿಕಾರಿಗಳ ಅನುಮೋದನೆ ಹಾಗೂ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ಒದಗಿಸುವುದು.’

ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಇಷ್ಟರಲ್ಲಿ ನೋಂದಣಿ ಮುಗಿದೇಹೋಗಬಹುದು. ಅದಕ್ಕೇ ಅರ್ಜಿಯ ಜೊತೆಜೊತೆಗೆ ಆಕ್ಷೇಪಣೆ ಪತ್ರವನ್ನು ಪಿಡಿಒಗೆ ಕೊಟ್ಟು, ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ ಇಬ್ಬರಿಗೂ ಕಳಿಸಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಅನ್ಯಾಯ ಆಗುತ್ತಿದೆ’ ಎಂಬ ಪತ್ರ ಕಡತದ ತಳ ಸೇರುತ್ತದೆ. ‘ಪಹಣಿ ಕಲಂ 3ರ 14 ಗುಂಟೆ ಬ ಖರಾಬನ್ನು ಕಳೆದಿಲ್ಲ’ ಎಂಬ ಪತ್ರಕ್ಕೆ ಯಾರಾದರೂ ಷರಾ ಬರೆಯಲೇಬೇಕಾಗುತ್ತದೆ.

8. ನೋಂದಣಿ ಆದ ಮೇಲೆ

ಕ್ರಯಪತ್ರ ಹುದ್ದೆಯ ಹೆಸರಿನಲ್ಲಿ, ಸಂಸ್ಥೆಯ ಪರವಾಗಿ ಆಗಿರಬೇಕು, ಅಧಿಕಾರಿಯ ಸ್ವಂತ ಹೆಸರಿನಲ್ಲಿ ಆಗಬಾರದು. ಆಮೇಲೆ ಮ್ಯುಟೇಶನ್ ಆಗಿ 9ನೇ ಕಲಂನಲ್ಲಿ ಪಂಚಾಯಿತಿಯ ಹೆಸರು ಬಂದಿದೆಯೇ ನೋಡಿ. ಹೊಸ ಪಹಣಿ ತೆಗೆದು ನೋಡದ ಹೊರತು ಇದು ಆಗಿದೆ ಎಂದು ನಂಬಬೇಡಿ. ಕೊಂಡ ತುಂಡಿಗೆ ಬೇರೆ ನಂಬರು ಕೊಡಿಸುವ ಪೋಡಿ ಮಾಡಿಸಿ ನಾಲ್ಕು ಮೂಲೆಗೂ ಕಲ್ಲು ನೆಡಿಸಬೇಕು, ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಾಗಬೇಕು. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಜಮಾಬಂದಿಯಲ್ಲಿ (ಪಂಚಾಯಿತಿ ಲೆಕ್ಕಪತ್ರ, ಕಾಮಗಾರಿಗಳ ಸಾರ್ವಜನಿಕ ಪರಿಶೀಲನೆ) ಈ ವಹಿಯನ್ನು ಸಾರ್ವಜನಿಕರು ಕೇಳಿ ನೋಡಬಹುದು. ಆ ದಿನ ಕ್ರಯಪತ್ರದ ಪ್ರತಿ ಮತ್ತು ಒಂದು ಟೇಪು ಕೈಯಲ್ಲಿರಲಿ. ಸಭೆ ಮುಗಿದ ಮೇಲೆ ಸದಸ್ಯರನ್ನು ಕರೆದುಕೊಂಡು ಹೋಗಿ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಪ್ರಕಾರ ಕಲ್ಲಿನಿಂದ ಕಲ್ಲಿಗೆ ಅಳೆಯಿರಿ.