ಮೂಸ್‌ಗೆ ಯಾವ ತೋಟಾ? ಮೊದಲು ಭುಜವನ್ನು ಕೇಳಿ

ಕಡವೆಗಿಂತ ದೊಡ್ಡ ಜಿಂಕೆಯನ್ನು ಕಾಣದ ನಮ್ಮ ಕಣ್ಣಿಗೆ ಸ್ವೀಡನ್ನಿನ ಮೂಸ್ ಕೊಂಬು ಹೊತ್ತ ಕುದುರೆಯಂತೆ ತೋರುತ್ತದೆ. ಬಲಿತ ಗಂಡು ನಾಲ್ಕೈದು ನೂರು ಕಿಲೋ ತೂಗುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಗೆ ತೆರೆ ಎಳೆಯಿತು. ಅಲ್ಲಿ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಶರತ್ಕಾಲದಲ್ಲಿ ತಂಡವಾಗಿ ಕಾಡಿಗೆ ಹೋಗುವುದು ಊರಿನ ರೂಢಿ. ಹಾಗೆ ಹೊರಟವರಿಗೆ ಮೊದಲ ತಲೆನೋವು ತೋಟಾ. ಗುಂಡು ಬೇರೆ, ತೋಟಾ ಬೇರೆ: ಹಿತ್ತಾಳೆಯ ಕೊಳವೆ, ಕೇಪು, ಮದ್ದು, ಮೂತಿಯಲ್ಲಿ ಕೂತ ಗುಂಡು, ಇವೆಲ್ಲ ಸೇರಿದರೆ ತೋಟಾ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದಿ. ಸ್ವೀಡನ್ನಿನ ನಿಯಮದಂತೆ ಗುಂಡು 9 ಗ್ರಾಂ ಇದ್ದರೆ 100 ಮೀಟರ್ ದೂರದಲ್ಲಿ ಕನಿಷ್ಠ 2700 ಜೌಲ್ ಶಕ್ತಿ ಉಳಿದಿರಬೇಕು. 10 ಗ್ರಾಂ ಅಥವಾ ಹೆಚ್ಚಿದ್ದರೆ 2000 ಜೌಲ್ ಸಾಕು. ನಳಿಕೆಯ ಬಾಯಲ್ಲಿನ ಶಕ್ತಿಯನ್ನು ನೋಡಿ ಮೋಸಹೋಗಬೇಡಿ.

ಎರಡನೆಯದು ಭುಜ: ಈಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವುದು ಅದಕ್ಕೇ. ಹೊಸಬರು ಎಡವುವುದು ಇಲ್ಲೇ. ದೊಡ್ಡ ಪ್ರಾಣಿ ಎಂದು .338 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಭಾರಿ ತೋಟಾದ ರೈಫಲ್ ಕೊಳ್ಳುತ್ತಾರೆ; ಹತ್ತು ಈಡು ಹೊಡೆಯುವಷ್ಟರಲ್ಲಿ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಚಾಳಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದ ಆ ಚಾಳಿ ಬಿಡಿಸುವುದು ಕಷ್ಟ. 1890ರ ದಶಕದಲ್ಲಿ ಸೈನ್ಯಕ್ಕೆಂದು ಹುಟ್ಟಿದ 6.5×55 ತೋಟಾ (ಮಿಲಿಮೀಟರಿನಲ್ಲಿ ಗುಂಡಿನ ಅಡ್ಡಳತೆ, ಕೊಳವೆಯ ಉದ್ದ) 10.1 ಗ್ರಾಂ ಗುಂಡಿನೊಡನೆ ಇಂದಿಗೂ ಮೂಸ್ ಉರುಳಿಸುತ್ತದೆ, ಒದೆತವೂ ಮೃದು. ಆದರೆ ಅದು ತಾಳ್ಮೆಯಿಂದ ಪಕ್ಕೆಗೆ ಗುರಿಯಿಡುವವರ ತೋಟಾ. ನನ್ನನ್ನು ಕೇಳಿದರೆ ಮೊದಲ ರೈಫಲ್ಲಿಗೆ .308 ವಿಂಚೆಸ್ಟರ್ ಅಥವಾ 1906ರ .30-06. ಎರಡರಲ್ಲೂ 11.7 ಗ್ರಾಂ ಗುಂಡು ಸಿಗುತ್ತದೆ. ಭುಜ ಗಟ್ಟಿಯಿದ್ದವರಿಗೆ 9.3×62 ಇದೆ. ಬರ್ಲಿನ್ನಿನ ಬಂದೂಕು ತಯಾರಕ ಆಟೋ ಬಾಕ್ ಅದನ್ನು ರೂಪಿಸಿದ್ದು 1905ರಲ್ಲಿ, ಆಫ್ರಿಕದ ಬೇಟೆಗೆಂದು. ಅದರ 18.5 ಗ್ರಾಂ ಗುಂಡು ಭಾರವಾಗಿ, ನಿಧಾನವಾಗಿ ಹೋಗುತ್ತದೆ. ಮಾಂಸ ಕಡಿಮೆ ಹಾಳಾಗುತ್ತದೆ.

ಇನ್ನು ಗುಂಡಿನ ರಚನೆ. ತೋಟಾದ ಹೆಸರಿಗಿಂತ ಇದು ಮುಖ್ಯ ಎಂದು ನಾನು ಹಟ ಹಿಡಿಯುತ್ತೇನೆ. ಮೂಸ್‌ನ ಭುಜದ ಮೂಳೆಗೆ ತಾಗಿದಾಗ ಗುಂಡು ಅಣಬೆಯಂತೆ ಅರಳಬೇಕು, ಪುಡಿಯಾಗಬಾರದು. ಸೀಸದ ಒಡಲಿಗೆ ತಾಮ್ರದ ಕವಚವನ್ನು ಬೆಸೆದ ಗುಂಡು ಅಥವಾ ಪೂರ್ತಿ ತಾಮ್ರದ್ದು ಕೊಳ್ಳಿ. ತಾಮ್ರದ್ದಾದರೆ ಮಾಂಸದಲ್ಲಿ ಸೀಸದ ಚೂರು ಸೇರುವ ಅಂಜಿಕೆ ಇಲ್ಲ. ಸೀಸಕ್ಕಿಂತ ತಾಮ್ರ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ನಿಮ್ಮ ನಳಿಕೆಯೊಳಗಿನ ಸುರುಳಿ ಗೀರುಗಳ ತಿರುವು ಅದನ್ನು ಸ್ಥಿರವಾಗಿ ತಿರುಗಿಸುತ್ತದೆಯೇ ಎಂದು ಗುರಿಹಲಗೆಯ ಮೇಲೆ ನೋಡಿಕೊಳ್ಳಿ.

ಹೃದಯ, ಶ್ವಾಸಕೋಶಕ್ಕೆ ಸರಿಯಾಗಿ ತಗುಲಿದರೂ ಮೂಸ್ ಏನೂ ಆಗದಂತೆ ನಿಂತಿರಬಹುದು, ಐವತ್ತು ಮೀಟರ್ ನಡೆದೂ ಹೋಗಬಹುದು. ‘ತೋಟಾ ಸಾಲದು’ ಎಂದು ಮರುವರ್ಷ ದೊಡ್ಡದನ್ನು ಕೊಳ್ಳುವವರಿದ್ದಾರೆ. ಅದು ತೋಟಾದ ತಪ್ಪಲ್ಲ, ಪ್ರಾಣಿಯ ಗಾತ್ರ. ಅದು ಇನ್ನೂ ನಿಂತಿದ್ದರೆ, ಹಿಂದೆ ಬೇರೆ ಪ್ರಾಣಿ ಇಲ್ಲವೆಂದು ಖಚಿತಪಡಿಸಿಕೊಂಡು ಮತ್ತೊಂದು ಈಡು ಹೊಡೆಯಿರಿ.

ಕೊನೆಗೆ ಅಂಗಡಿ. ಹಳ್ಳಿಯ ಅಂಗಡಿಯಲ್ಲೂ ಸಿಗುವ ತೋಟಾ ಆರಿಸಿ; ಅಪರೂಪದ್ದು ಮುಗಿದರೆ ಆ ಋತುವೇ ಮುಗಿಯಿತು. ಇಪ್ಪತ್ತರಂತೆ ತುಂಬಿದ ನಾಲ್ಕು ಪೆಟ್ಟಿಗೆಗಳನ್ನು ಒಂದೇ ಬ್ಯಾಚಿನಲ್ಲಿ ತನ್ನಿ. ಮೂರನ್ನು 80 ಮೀಟರಿನ ಮೂಸ್ ಗುರಿಹಲಗೆಯ ಮುಂದೆ ಖಾಲಿ ಮಾಡಿ. ನಾಲ್ಕನೆಯದು ಕಾಡಿಗೆ, ಅದು ಎಷ್ಟೋ ವರ್ಷ ಬರುತ್ತದೆ.